ಕಾರಿನ ಸೀಟು: ಚರ್ಮವೋ, ಬಟ್ಟೆಯೋ?

ಹೊಸ ಕಾರು ನೋಡಲು ಶೋರೂಮಿಗೆ ಹೋದರೆ ಕೈಗೆ ಬರುವ ಬಣ್ಣದ ಪುಸ್ತಿಕೆಯಲ್ಲಿ ಸೀಟಿನ ವಿಷಯ ಎಲ್ಲೋ ಕೊನೆಗೆ ಸರಿದಿರುತ್ತದೆ. ಎಂಜಿನ್, ಮೈಲೇಜು, ಟಚ್‌ಸ್ಕ್ರೀನು, ಸನ್‌ರೂಫು ಎಲ್ಲ ಮುಗಿದ ಮೇಲೆ ಒಂದು ಸಾಲು: ಕೆಳಗಿನ ವೇರಿಯಂಟುಗಳಿಗೆ ಫ್ಯಾಬ್ರಿಕ್, ಮೇಲಿನವಕ್ಕೆ ಲೆದರೆಟ್. ಎಂಜಿನ್ನು ನಮ್ಮ ಮೈಗೆ ತಾಗುವುದಿಲ್ಲ, ಸೀಟು ತಾಗುತ್ತದೆ. ಕಾರಿನೊಳಗೆ ಇರುವಷ್ಟು ಹೊತ್ತೂ ಬೆನ್ನು, ತೊಡೆ ಅದಕ್ಕೆ ಒತ್ತಿಕೊಂಡೇ ಇರುತ್ತವೆ. ಆದರೂ ಅದನ್ನು ಆರಿಸುವವರು ನಾವಲ್ಲ. ನಾವು ಎಷ್ಟು ಹಣ ಕೊಡುತ್ತೇವೆ ಎಂಬುದನ್ನು ನೋಡಿ ಕಂಪನಿಯೇ ಆರಿಸಿಬಿಟ್ಟಿರುತ್ತದೆ. ಬಟ್ಟೆ ಎಂದರೆ ಅಗ್ಗದ್ದು, ಚರ್ಮ ಅಥವಾ ಚರ್ಮದಂತೆ ಕಾಣುವುದು ಎಂದರೆ ಮೇಲ್ದರ್ಜೆಯದು ಎಂಬ ಎಣಿಕೆ ಹೀಗೆ ಬೇರೂರಿದೆ.

ಈ ಎಣಿಕೆ ನಮ್ಮ ಬಿಸಿಲನ್ನೂ ಬೆವರನ್ನೂ ನೋಡಿ ಹುಟ್ಟಿದ್ದಲ್ಲ. ಕರ್ನಾಟಕದ ಬಹುಪಾಲು ಊರುಗಳಲ್ಲಿ, ಬಹುಪಾಲು ಸಂಸಾರಗಳಿಗೆ ಒಳ್ಳೆಯ ನೇಯ್ಗೆಯ ಬಟ್ಟೆ ಸೀಟೇ ಹೆಚ್ಚು ಸುಖ ಎಂಬುದು ನನ್ನ ನಿಲುವು. ಹಾಗೆಂದು ಬಟ್ಟೆ ಎಲ್ಲ ಕಡೆಯೂ ಗೆಲ್ಲುವುದಿಲ್ಲ. ಅದು ಸೋಲುವ ಕಡೆ ಚೆನ್ನಾಗಿಯೇ ಸೋಲುತ್ತದೆ. ಹಾಗಾಗಿ ಎರಡನ್ನೂ ಬಿಡಿಸಿ ನೋಡಬೇಕು.

ಮೋಟಾರು ಕಾರಿನ ಮೊದಲ ದಶಕಗಳಲ್ಲಿ ಲೆಕ್ಕಾಚಾರ ಇಂದಿನದಕ್ಕೆ ತೀರ ತಿರುವುಮುರುವಾಗಿತ್ತು. ಯುರೋಪು, ಅಮೆರಿಕದ ಸಿರಿವಂತರು ಮಾಡಿಸಿಕೊಳ್ಳುತ್ತಿದ್ದ ದೊಡ್ಡ ಕಾರುಗಳಲ್ಲಿ ಎಷ್ಟೋ ಬಾರಿ ಚಾಲಕನ ತಲೆಯ ಮೇಲೆ ಮಾಡೇ ಇರುತ್ತಿರಲಿಲ್ಲ. ಮಳೆ, ಬಿಸಿಲು, ಹಿಮ ಎಲ್ಲವೂ ಅವನ ಪಾಲಿಗೆ. ನೆನೆದರೂ ಒರೆಸಿದರೆ ಕೂರಲು ಬರುವ ಚರ್ಮವನ್ನು ಅವನ ಸೀಟಿಗೆ ಹೊದಿಸುತ್ತಿದ್ದರು. ಗಾಜಿನ ಹಿಂದಿನ ಮುಚ್ಚಿದ ಭಾಗದಲ್ಲಿ ಕೂರುವ ಯಜಮಾನ, ಯಜಮಾನಿತಿಯರಿಗೆ ಉಣ್ಣೆಯ ಬಟ್ಟೆ, ಮಖಮಲ್ಲು. ಕುದುರೆ ಸಾರೋಟಿನ ಕಾಲದಿಂದ ಇಳಿದು ಬಂದ ರೂಢಿ ಅದು. ದುಡಿಯುವವನಿಗೆ ಚರ್ಮ, ಆರಾಮವಾಗಿ ಕೂತು ಹೋಗುವವನಿಗೆ ಬಟ್ಟೆ. ಈ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಜಪಾನಿನಲ್ಲಿ 1967ರಲ್ಲಿ ಮೊದಲು ಬಂದ ಟೊಯೋಟಾ ಸೆಂಚುರಿ, ಅಲ್ಲಿನ ಗಣ್ಯರು ಹಿಂದಿನ ಸೀಟಿನಲ್ಲಿ ಕೂತು ಓಡಾಡುವ ಕಾರು. ಚರ್ಮ ಬೇಕೆಂದವರಿಗೆ ಅದೂ ಸಿಗುತ್ತದೆ; ಆದರೆ ಸೆಂಚುರಿಯ ಹೆಸರು ಅಂಟಿಕೊಂಡಿರುವುದು ಉಣ್ಣೆ ಬಟ್ಟೆಯ ಸೀಟಿಗೆ. ಮೈ ಅಲುಗಿಸಿದರೆ ಅದು ಕಿರುಗುಟ್ಟುವುದಿಲ್ಲ, ಸೆಕೆಯಲ್ಲಿ ಅಂಟುವುದಿಲ್ಲ, ಚಳಿಯಲ್ಲಿ ಕೊರೆಯುವುದಿಲ್ಲ.

ಕಾರುಗಳಿಗೆಲ್ಲ ಮುಚ್ಚಿದ ಮೈ ಬಂದಾಗ ಬಟ್ಟೆ ಎಲ್ಲರ ಪಾಲಿಗೂ ಬಂತು. ಜೊತೆಗೆ ಕೃತಕ ಚರ್ಮವೂ ಬಂತು. ನೈಟ್ರೋಸೆಲ್ಯುಲೋಸ್ ಲೇಪಿಸಿದ ಬಟ್ಟೆಯನ್ನು ಅಮೆರಿಕದಲ್ಲಿ ಫ್ಯಾಬ್ರಿಕಾಯ್ಡ್ ಎಂದು ಮಾರುತ್ತಿದ್ದರು. ಆ ಕಂಪನಿಯನ್ನು 1910ರಲ್ಲಿ ಡ್ಯುಪಾಂಟ್ ಕೊಂಡಿತು. ಇಂಗ್ಲೆಂಡಿನಲ್ಲಿ ಅದೇ ಬಗೆಯದು ರೆಕ್ಸಿನ್. ಮುಂದೆ ಪಿವಿಸಿ ಬಂದ ಮೇಲೆ ಇಂಥ ಹಾಳೆಗಳು ಇನ್ನೂ ಗಟ್ಟಿಯಾದವು, ಇನ್ನೂ ಅಗ್ಗವಾದವು. ಎಲ್ಲೆಡೆ ಬಟ್ಟೆ ಮತ್ತು ಪ್ಲಾಸ್ಟಿಕ್ಕು ತುಂಬಿಕೊಂಡಾಗ ನಿಜವಾದ ಚರ್ಮ ಅಪರೂಪವಾಯಿತು, ಅಪರೂಪವಾದದ್ದು ದುಬಾರಿಯಾಯಿತು, ದುಬಾರಿಯಾದದ್ದಕ್ಕೆ ಮರ್ಯಾದೆ ಬಂತು. ಚಾಲಕನ ಸೀಟಿನಲ್ಲಿದ್ದ ಚರ್ಮ ಹಿಂದಿನ ಸೀಟಿಗೆ ಬಂದದ್ದರಲ್ಲಿ ಸುಖದ ಪಾಲಿಗಿಂತ ಬೆಲೆಯ ಪಾಲೇ ದೊಡ್ಡದು ಎನ್ನಿಸುತ್ತದೆ.

ನಮ್ಮಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲವೆಲ್ಲ ರೆಕ್ಸಿನ್ನಿನ ಕಾಲ. ಆ ಸೀಟುಗಳ ಮೇಲೆ ಏನಿರುತ್ತಿತ್ತು ಎಂಬುದನ್ನು ನೆನಪು ಮಾಡಿಕೊಳ್ಳಿ. ಸರ್ಕಾರಿ ಕಾರಿನ ಹಿಂದಿನ ಸೀಟಿಗೆ ಬಿಳಿ ಹತ್ತಿ ಬಟ್ಟೆಯ ಕವರು, ಒರಗುವ ಕಡೆ ಬಿಳಿ ಟರ್ಕಿ ಟವೆಲು. ಅದು ಅಧಿಕಾರದ ಗುರುತಾಗಿ ಬೆಳೆದದ್ದು ಹೌದು, ಆದರೆ ಅದಕ್ಕೆ ಕಾರಣ ಬೆವರು. ಏಸಿ ಇಲ್ಲದ ಕಾರಿನಲ್ಲಿ ರೆಕ್ಸಿನ್ನಿನ ಮೇಲೆ ಗಂಟೆಗಟ್ಟಲೆ ಕೂತವರು ಕಂಡುಕೊಂಡ ಪರಿಹಾರ ಬಟ್ಟೆಯೇ. ಟ್ಯಾಕ್ಸಿ, ಲಾರಿ ಚಾಲಕರು ಮರದ ಮಣಿ ಪೋಣಿಸಿದ ಹಾಸನ್ನು ಸೀಟಿಗೆ ಕಟ್ಟಿಕೊಂಡದ್ದೂ ಇದಕ್ಕೇ: ಬೆನ್ನಿಗೂ ರೆಕ್ಸಿನ್ನಿಗೂ ನಡುವೆ ಗಾಳಿ ಆಡಲಿ ಎಂದು. ನಮ್ಮ ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿನ ಸೀಟು ರೆಕ್ಸಿನ್ನಿನದು. ಹೆಚ್ಚು ದುಡ್ಡು ಕೊಟ್ಟು ಹತ್ತುವ ವೋಲ್ವೊ ಬಸ್ಸಿನಲ್ಲಿ ಹೆಚ್ಚಾಗಿ ಬಟ್ಟೆ. ಅದೇ ಪ್ರಯಾಣಿಕ ಬಸ್ಸಿಳಿದು ಕಾರು ಕೊಳ್ಳಲು ಹೋದಾಗ ಮಾತ್ರ ಬಟ್ಟೆ ಕೀಳಾಗಿ ಕಾಣುತ್ತದೆ.

ಇನ್ನು ನಾವು ಚರ್ಮ ಎಂದು ಕರೆಯುತ್ತಿರುವುದು ಏನನ್ನು? ಭಾರತದಲ್ಲಿ ಮಾರಾಟವಾಗುವ ಮಧ್ಯಮ ಬೆಲೆಯ ಕಾರುಗಳಲ್ಲಿ ಅದು ಬಹುತೇಕ ಚರ್ಮವೇ ಅಲ್ಲ. ಹೆಣೆದ ಅಥವಾ ನೇಯ್ದ ಬಟ್ಟೆಯ ಮೇಲೆ ಪಿವಿಸಿ ಇಲ್ಲವೇ ಪಾಲಿಯುರಿಥೇನ್ ಲೇಪಿಸಿ, ಬಿಸಿ ರೋಲರಿನಿಂದ ಚರ್ಮದ ಗೆರೆಗಳನ್ನು ಒತ್ತಿದ ಹಾಳೆ. ಲೆದರೆಟ್ ಎಂದರೆ ಇದೇ. ಅಂದರೆ ರೆಕ್ಸಿನ್ನಿನ ಮೊಮ್ಮಗು. ನಿಜವಾದ ಚರ್ಮ ಬಳಸಿದ ಕಾರುಗಳಲ್ಲೂ ಹಲವಕ್ಕೆ ಮೈ ತಾಗುವ ಭಾಗ ಮಾತ್ರ ಚರ್ಮ. ಸೀಟಿನ ಪಕ್ಕ, ಹಿಂಬದಿ, ತಲೆದಿಂಬಿನ ಬೆನ್ನು ಕೃತಕ ಹಾಳೆ.

ನಿಜವಾದ ಚರ್ಮದಲ್ಲೂ ತರತಮ ಬಹಳ. ಹಸುವಿನ ತೊಗಲನ್ನು ಹದ ಮಾಡಿದ ಮೇಲೆ ದಪ್ಪಕ್ಕೆ ಸೀಳುತ್ತಾರೆ. ಮೇಲಿನ ಪದರದಲ್ಲಿ ಎಳೆಗಳು ಒತ್ತಾಗಿರುತ್ತವೆ. ಬಾಳಿಕೆ ಇರುವುದು ಅಲ್ಲಿ. ಕೆಳಗಿನ ಪದರ ಸಡಿಲ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಲೇಪನ ಕೊಟ್ಟು ಅದನ್ನೂ ಚರ್ಮವೆಂದೇ ಮಾರುವವರಿದ್ದಾರೆ. ಮೇಲ್ಮೈ ಲೇಪನ 0.15 ಮಿಲಿಮೀಟರ್ ದಾಟಿದರೆ ಅದನ್ನು ‘ಲೇಪಿತ ಚರ್ಮ’ ಎಂದು ಬೇರೆಯಾಗಿ ಹೇಳಬೇಕೆಂದು ಯುರೋಪಿನ ಮಾನದಂಡ ಹೇಳುತ್ತದೆ. ರೋಲ್ಸ್‌ರಾಯ್ಸ್ ಕಂಪನಿ ಆಲ್ಪ್ಸ್ ತಪ್ಪಲಿನ ಹೋರಿಗಳ ತೊಗಲನ್ನು ಹುಡುಕಿ ತರಿಸುವುದಕ್ಕೆ ಕಾರಣವೂ ಮೇಲ್ಪದರವೇ. ಆ ಎತ್ತರದಲ್ಲಿ ಕೀಟದ ಕಡಿತ ಕಡಿಮೆ, ಮುಳ್ಳುತಂತಿಯ ಗೀರು ಕಡಿಮೆ; ಹೋರಿಯಾದ್ದರಿಂದ ಗಬ್ಬದ ಹಿಗ್ಗುಗೆರೆಗಳೂ ಇಲ್ಲ. ಕಲೆ ಮುಚ್ಚಲು ಬಣ್ಣದ ಪದರ ಮೆತ್ತುವ ಅಗತ್ಯ ಅಷ್ಟು ಕಡಿಮೆ. ಉಳಿದ ಬಹುತೇಕ ಕಾರುಗಳ ಚರ್ಮಕ್ಕೆ ಬಣ್ಣವನ್ನೂ ಪಾಲಿಯುರಿಥೇನಿನ ರಕ್ಷಾಪದರವನ್ನೂ ಹಚ್ಚಿಯೇ ಇರುತ್ತಾರೆ. ಅಂಥ ಸೀಟನ್ನು ಸವರಿದಾಗ ಬೆರಳಿಗೆ ಸಿಗುವುದು ಆ ಪದರ. ಅಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುವ ಎಣ್ಣೆ, ಕಂಡೀಷನರುಗಳು ಆ ಪದರ ದಾಟಿ ಒಳಗೆ ಹೋಗುವುದು ಅಲ್ಪ. ಅದಕ್ಕಿಂತ ಮೆತ್ತನೆಯ ಒದ್ದೆ ಬಟ್ಟೆಯಿಂದ ಬೆವರು, ಜಿಡ್ಡು, ಮರಳಿನ ಕಣ ಒರೆಸುವುದು ಹೆಚ್ಚು ಉಪಕಾರಿ.

ಹಾಗಾಗಿ ಸ್ಪರ್ಧೆ ಇಬ್ಬರದಲ್ಲ, ಮೂವರದು: ಚರ್ಮ, ಚರ್ಮದ ವೇಷದ ಪ್ಲಾಸ್ಟಿಕ್ಕು, ಮತ್ತು ಬಟ್ಟೆ. ಬಟ್ಟೆಯೂ ನಮ್ಮ ಮೈಮೇಲಿನ ಹತ್ತಿಯಲ್ಲ. ಕಾರಿನ ಸೀಟಿಗೆ ಬಳಸುವುದು ಹೆಚ್ಚಾಗಿ ಪಾಲಿಯೆಸ್ಟರ್. ಉಜ್ಜಾಟಕ್ಕೆ ತಾಳಬೇಕು, ಬಿಸಿಲಿಗೆ ಬಣ್ಣ ಬಿಡಬಾರದು, ಎಳೆದರೆ ಜೋಲಬಾರದು. ಈ ಮೂರಕ್ಕೂ ಪಾಲಿಯೆಸ್ಟರ್ ಒಗ್ಗುತ್ತದೆ. ಅದರ ಬೆನ್ನಿಗೆ ತೆಳು ಫೋಮು ಅಂಟಿಸಿರುತ್ತಾರೆ.

ಬಿಸಿಲಿನ ಮಾತಿಗೆ ಬರೋಣ, ಏಕೆಂದರೆ ನಮ್ಮ ನಾಡಿನಲ್ಲಿ ಈ ಪ್ರಶ್ನೆಯ ಅರ್ಧ ಭಾಗ ಅಲ್ಲೇ ಇದೆ. ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಬೇಸಿಗೆಯಲ್ಲಿ ಕಾರುಗಳನ್ನು ಬಿಸಿಲಲ್ಲೂ ನೆರಳಲ್ಲೂ ನಿಲ್ಲಿಸಿ ಅಳೆದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಹೊರಗೆ 38 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಸೆಕೆ. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನ ಒಳಗಿನ ಗಾಳಿ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡು 69 ಡಿಗ್ರಿ, ಸ್ಟೀರಿಂಗ್ 53 ಡಿಗ್ರಿ, ಸೀಟು ಸುಮಾರು 51 ಡಿಗ್ರಿ. ನೆರಳಲ್ಲಿ ನಿಂತ ಕಾರಿನ ಸೀಟು ಕೂಡ ಸುಮಾರು 41 ಡಿಗ್ರಿ. ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ಮುಟ್ಟುವುದು ಹೊಸತಲ್ಲ. ಅಲ್ಲಿನ ಬಯಲಲ್ಲಿ ನಿಂತ ಕಾರಿನ ಸ್ಥಿತಿ ಅರಿಜೋನಾಕ್ಕಿಂತ ಬೇರೆಯಾಗಿರಲು ಕಾರಣವಿಲ್ಲ. ಕಪ್ಪು ಫಿಲಂ ಅಂಟಿಸಿ ಬಿಸಿಲು ತಡೆಯೋಣವೆಂದರೆ 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜು ಕನಿಷ್ಠ ಶೇಕಡ 70, ಪಕ್ಕದ ಗಾಜು ಕನಿಷ್ಠ ಶೇಕಡ 50ರಷ್ಟು ಬೆಳಕು ಬಿಡಲೇಬೇಕು. ಬೆಳಕಿನ ಜೊತೆ ಕಾವೂ ಬರುತ್ತದೆ, ಬಂದು ಸೀಟಿನ ಮೇಲೆ ಕೂರುತ್ತದೆ.

ಬಟ್ಟೆ, ಲೆದರೆಟ್ ಎರಡೂ ಅಷ್ಟೇ ಕಾದಿದ್ದರೂ ಮೈಗೆ ಒಂದೇ ಬಗೆಯಾಗಿ ತಾಗುವುದಿಲ್ಲ. ಬಟ್ಟೆಯ ಎಳೆಗಳ ನಡುವೆ ಗಾಳಿ ಇರುತ್ತದೆ. ತೊಡೆಗೆ ತಾಗುವುದು ಎಳೆಗಳ ತುದಿಯಷ್ಟೇ. ಹಾಗಾಗಿ ಕಾವು ನಿಧಾನವಾಗಿ ದಾಟುತ್ತದೆ. ಲೆದರೆಟ್ಟಿನ ನುಣುಪು ಮೈ ತೊಡೆಗೆ ಇಡಿಯಾಗಿ ಒತ್ತಿಕೊಳ್ಳುತ್ತದೆ. ಅದು ದಟ್ಟ ವಸ್ತು, ತನ್ನಲ್ಲಿರುವ ಶಾಖವನ್ನು ಒಮ್ಮೆಗೇ ಕೊಟ್ಟುಬಿಡುತ್ತದೆ. ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಕೂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಣ್ಣದ ಪಾತ್ರವೂ ದೊಡ್ಡದು. ಕಪ್ಪು ಒಳಾಂಗಣ ಸ್ಪೋರ್ಟಿಯಾಗಿ ಕಾಣುತ್ತದೆಂದು ಈಗ ಎಲ್ಲ ಕಂಪನಿಗಳೂ ಅದರ ಹಿಂದೆ ಬಿದ್ದಿವೆ. ಬಿಸಿಲ ನಾಡಿನಲ್ಲಿ ಕಪ್ಪು ಲೆದರೆಟ್ಟಿಗಿಂತ ಕೆಟ್ಟ ಜೋಡಿ ನನಗೆ ತಿಳಿದಿಲ್ಲ.

ಬೆವರಿನದು ಇನ್ನೊಂದು ಲೆಕ್ಕ. ಹದ ಮಾಡಿದ ಚರ್ಮಕ್ಕೆ ತೇವವನ್ನು ಹೀರಿ ಬಿಡುವ ಗುಣ ಇದ್ದೇ ಇದೆ. ಮೇಲಿನ ಬಣ್ಣದ ಪದರ ಅದನ್ನು ತಗ್ಗಿಸುತ್ತದೆ. ಪಿವಿಸಿಗೆ ಆ ಗುಣವೇ ಇಲ್ಲ. ಬೆನ್ನಿನ ಬೆವರಿಗೆ ಹೋಗಲು ದಾರಿ ಸಿಗದೆ ಅಂಗಿ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಬಟ್ಟೆಯ ಸೀಟು, ಹಿಂದೆ ಫೋಮು ಇದ್ದರೂ, ಇವೆರಡಕ್ಕಿಂತ ಚೆನ್ನಾಗಿ ಉಸಿರಾಡುತ್ತದೆ. ಇದಕ್ಕೆ ಕಂಪನಿಗಳು ಹುಡುಕಿದ ಉಪಾಯ ಗಾಳಿಯಾಡುವ ಸೀಟು: ಹಾಳೆಗೆ ಸಣ್ಣ ತೂತುಗಳು, ಕುಶನ್ನಿನೊಳಗೆ ಪುಟ್ಟ ಫ್ಯಾನು. 1990ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಸಾಬ್ 9-5 ಇದನ್ನು ಮೊದಲು ತಂದಿತು. ನಮ್ಮಲ್ಲಿ 2017ರ ಹ್ಯುಂಡೈ ವೆರ್ನಾ ಮಧ್ಯಮ ಬೆಲೆಯ ಕಾರಿಗೂ ಅದನ್ನು ಇಳಿಸಿದ ಮೇಲೆ ಬೇರೆಯವರೂ ಹಿಂಬಾಲಿಸಿದರು. ಅದು ಕೆಲಸ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಲೆದರೆಟ್ ತೆಗೆದುಕೊಳ್ಳಲೇಬೇಕಾದರೆ ಈ ಫ್ಯಾನು ಇರುವುದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಆದರೆ ಹೆಚ್ಚಿನ ಕಾರುಗಳಲ್ಲಿ ಅದು ಮುಂದಿನ ಎರಡು ಸೀಟಿಗೆ ಮಾತ್ರ. ಹಿಂದೆ ಕೂರುವವರು ಅಪ್ಪ, ಅಮ್ಮ, ಮಕ್ಕಳು. ಸೀಟು ತಂದ ಸೆಕೆಯನ್ನು ಕಳೆಯಲು ಸೀಟಿನೊಳಗೇ ಯಂತ್ರ ಇಟ್ಟು, ಅದನ್ನೂ ಮುಂದಿನವರಿಗಷ್ಟೇ ಕೊಟ್ಟರೆ ಸಂಸಾರದ ಕಾರಿಗೆ ಅದು ಅರೆಬರೆ ಪರಿಹಾರ. ತೂತುಗಳಲ್ಲಿ ಧೂಳು, ಚಕ್ಕುಲಿ ಪುಡಿ ಸೇರಿಕೊಂಡರೆ ತೆಗೆಯುವುದೂ ತೊಡಕು.

ಘಟ್ಟದ ರಸ್ತೆಯಲ್ಲಿ ಬಟ್ಟೆಗೆ ಇನ್ನೊಂದು ಅನುಕೂಲ ಇದೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ತಿರುವಿನಿಂದ ತಿರುವಿಗೆ ಕಾರು ಹೊರಳುವಾಗ ನುಣುಪಾದ ಹಾಳೆಯ ಮೇಲೆ ಮೈ ಅತ್ತಿತ್ತ ಜಾರುತ್ತದೆ; ಬಟ್ಟೆ ಹಿಡಿದು ಕೂರಿಸುತ್ತದೆ. ಬಿಸಿಲಿಗೆ ಕಾದ ಹೊಸ ಲೆದರೆಟ್ಟಿನ ವಾಸನೆಗೇ ಹೊಟ್ಟೆ ತೊಳಸುವವರು ನಮ್ಮ ಮನೆಗಳಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಅದೇ ಜಾರುಗುಣ ಮಂಡಿನೋವಿನ ಅಜ್ಜಿಗೆ ವರ. ರೇಷ್ಮೆ ಸೀರೆ ಉಟ್ಟು ಸೀಟಿನ ಅಂಚಿಗೆ ಕೂತು ಕಾಲು ಒಳಗೆಳೆದುಕೊಂಡರೆ ಲೆದರೆಟ್ ಮೇಲೆ ಸಲೀಸಾಗಿ ಸರಿಯಬಹುದು. ಬಟ್ಟೆಯ ಮೇಲೆ ಸೀರೆ ಕಚ್ಚುತ್ತದೆ.

ಬಟ್ಟೆ ನಿಜವಾಗಿ ಸೋಲುವುದು ಚೆಲ್ಲಿದ್ದರ ಮುಂದೆ. ಮಗು ಹಾಲು ಕಕ್ಕಿದರೆ, ಪ್ರಯಾಣದಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ, ಬುತ್ತಿಯ ಹುಳಿ ಮಗುಚಿದರೆ ಲೆದರೆಟ್ ಒಂದು ಒದ್ದೆ ಬಟ್ಟೆಯಲ್ಲಿ ಶುಚಿಯಾಗುತ್ತದೆ. ಬಟ್ಟೆಯ ಸೀಟಿನಲ್ಲಿ ಅದು ಎಳೆ ದಾಟಿ ಫೋಮಿಗೆ ಇಳಿಯುತ್ತದೆ, ಫೋಮು ಒಣಗಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ವಾಸನೆ ಹಿಡಿದಿರುತ್ತದೆ. ಅರಿಸಿನದ ಕಲೆಯ ಬಗ್ಗೆ ಒಂದು ಮಾತು. ಸಾರು ಬಿದ್ದ ಕೂಡಲೇ ಸೋಪು ಹಾಕಿ ಉಜ್ಜಿದರೆ ಹಳದಿ ಕೆಂಪಾಗಿ ಗಾಬರಿ ಹುಟ್ಟಿಸುತ್ತದೆ. ಅರಿಸಿನದ ಕರ್ಕ್ಯುಮಿನ್ ಕ್ಷಾರಕ್ಕೆ ಕೆಂಪಾಗುವ ಬಣ್ಣ. ಮೊದಲು ಜಿಡ್ಡನ್ನು ಒತ್ತಿ ತೆಗೆದು, ತೊಳೆದು, ಬಾಗಿಲು ತೆರೆದು ಬಿಸಿಲಿಗೆ ಬಿಟ್ಟರೆ ಉಳಿದ ಹಳದಿಯನ್ನು ಸೂರ್ಯನೇ ತೆಗೆಯುತ್ತಾನೆ. ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತದೆ. ತಿಳಿಬಣ್ಣದ ಲೆದರೆಟ್ ಕೂಡ ಕಲೆಯಿಂದ ಪಾರಲ್ಲ. ಹೊಸ ಜೀನ್ಸಿನ ನೀಲಿ ಅದಕ್ಕೆ ಹತ್ತಿಕೊಂಡರೆ ಬಿಡಿಸುವುದು ಕಷ್ಟ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರಿಗೆ ಇದು ಬೂಷ್ಟಿನ ಪ್ರಶ್ನೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಚ್ಚಿಟ್ಟ ಕಾರಿನಲ್ಲಿ ಬಟ್ಟೆಯೂ ಬೂಷ್ಟು ಹಿಡಿಯುತ್ತದೆ, ನಿಜವಾದ ಚರ್ಮವೂ ಹಿಡಿಯುತ್ತದೆ; ಬೆವರು, ಜಿಡ್ಡಿನ ಪಸೆ ಇರುವ ಕಡೆ ಮೊದಲು. ಲೆದರೆಟ್ಟಿನ ಮೇಲೆ ಬಂದರೂ ಒರೆಸಿದರೆ ಹೋಗುತ್ತದೆ. ಕೊಡೆ, ಒದ್ದೆ ಬಟ್ಟೆ, ಕೆಸರು ಕಾಲಿನ ಆ ನಾಲ್ಕು ತಿಂಗಳ ಮಟ್ಟಿಗೆ ಒರೆಸಬಹುದಾದ ಸೀಟೇ ವಾಸಿ ಎಂದು ಅಲ್ಲಿಯವರು ಹೇಳಿದರೆ ಒಪ್ಪಬೇಕು. ಆದರೆ ಆ ತೇವಕ್ಕೇ ಅಗ್ಗದ ಲೆದರೆಟ್ ಬೇರೆ ರೀತಿಯಲ್ಲಿ ಬಲಿಯಾಗುತ್ತದೆ. ಪಾಲಿಯುರಿಥೇನಿನ ಕೆಲವು ಬಗೆಗಳು ಬಿಸಿ ಮತ್ತು ತೇವ ಕೂಡಿದಲ್ಲಿ ನೀರಿನ ಅಂಶದಿಂದಲೇ ಒಡೆಯತೊಡಗುತ್ತವೆ. ಮೇಲಿನ ಪದರ ಚಕ್ಕೆಚಕ್ಕೆಯಾಗಿ ಏಳುತ್ತದೆ. ಬೀರುವಿನಲ್ಲಿ ಇಟ್ಟಲ್ಲೇ ಸಿಪ್ಪೆ ಸುಲಿದ ಹ್ಯಾಂಡ್‌ಬ್ಯಾಗು, ಬೂಟುಗಳದ್ದೂ ಇದೇ ರೋಗ. ಪಿವಿಸಿಯದು ಇನ್ನೊಂದು ಬಗೆ: ಅದನ್ನು ಮೆದುವಾಗಿಡುವ ಎಣ್ಣೆಯಂಥ ರಾಸಾಯನಿಕ ಬಿಸಿಲಿಗೆ ವರ್ಷವರ್ಷವೂ ಆವಿಯಾಗಿ, ಒಂದಷ್ಟು ಮುಂದಿನ ಗಾಜಿನ ಒಳಮೈಗೆ ಮಸುಕಾಗಿ ಕೂರುತ್ತದೆ, ಹಾಳೆ ಬಿರುಸಾಗಿ ಹೊಲಿಗೆಯ ಬಳಿ ಸೀಳುತ್ತದೆ. ಚೆನ್ನಾಗಿ ತಯಾರಿಸಿದ ಪ್ಲಾಸ್ಟಿಕ್ ಹೀಗಾಗಬೇಕಿಲ್ಲ. ಮರ್ಸಿಡಿಸ್ ಕಂಪನಿಯ ಎಂಬಿ-ಟೆಕ್ಸ್ ಎಂಬ ಕೃತಕ ಹಾಳೆಯ ಸೀಟುಗಳು ಜರ್ಮನಿಯ ಟ್ಯಾಕ್ಸಿಗಳಲ್ಲಿ ಲಕ್ಷಾಂತರ ಕಿಲೋಮೀಟರ್ ತಾಳಿ ಹೆಸರು ಮಾಡಿದವು.

ಬಯಲುಸೀಮೆಯ ಶತ್ರು ಧೂಳು. ಬಟ್ಟೆ ಅದನ್ನು ಒಳಗಿಟ್ಟುಕೊಳ್ಳುತ್ತದೆ, ಸೀಟಿಗೆ ಒಂದು ಗುದ್ದು ಕೊಟ್ಟರೆ ಬಿಸಿಲಕೋಲಿನಲ್ಲಿ ಕಾಣಿಸುತ್ತದೆ. ವ್ಯಾಕ್ಯೂಮ್ ಹಾಕಿಸುವ ಶಿಸ್ತು ಇಲ್ಲದ ಮನೆಗೆ, ಅದರಲ್ಲೂ ಅಸ್ತಮಾ ಇರುವವರ ಮನೆಗೆ, ಒರೆಸುವ ಸೀಟೇ ಸರಿ. ದಿನಕ್ಕೆ ಹತ್ತಾರು ಅಪರಿಚಿತರು ಹತ್ತಿಳಿಯುವ ಟ್ಯಾಕ್ಸಿಗೂ ಅಷ್ಟೇ. ಮುಂದಿನ ಗಿರಾಕಿ ಬರುವುದರೊಳಗೆ ಸೀಟು ಶುಚಿಯಾಗಬೇಕು. ಗೊಬ್ಬರ, ಮೇವು, ತರಕಾರಿ ಮೂಟೆ ಹೇರುವ ರೈತನ ಜೀಪಿಗೂ, ನಾಯಿ ಸಾಕಿದವರ ಕಾರಿಗೂ ರೆಕ್ಸಿನ್ನೇ ಇರಲಿ.

ಕಂಪನಿ ಬಟ್ಟೆಯ ಸೀಟು ಕೊಟ್ಟರೂ ನಮ್ಮ ಜನ ಅದನ್ನು ಹಾಗೆ ಉಳಿಸುವುದು ಕಡಿಮೆ. ಕಾರು ಮನೆಗೆ ಬರುವ ಮುಂಚೆಯೇ ಸೀಟ್ ಕವರಿನ ಅಂಗಡಿಗೆ ಹೋಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಉದ್ದಕ್ಕೂ ಇಂಥ ಅಂಗಡಿಗಳು. ಚಿಕ್ಕ ಊರುಗಳಲ್ಲಿ ‘ಕುಶನ್ ವರ್ಕ್ಸ್’ ಬೋರ್ಡಿನ ಅಡಿ ಆಟೊ, ಬೈಕು, ಟ್ರ್ಯಾಕ್ಟರು, ಕಾರು ಎಲ್ಲದರ ಸೀಟನ್ನೂ ಹೊಲಿಯುವ ಕೈಗಳಿವೆ. ಅಳತೆ ಪಟ್ಟಿ ಇಲ್ಲದೆ ಕಣ್ಣಳತೆಯಲ್ಲೇ ಕತ್ತರಿಸಿ, ಪೈಪಿಂಗ್ ಕೂರಿಸಿ, ಸುಕ್ಕಿಲ್ಲದಂತೆ ಎಳೆದು ಕಟ್ಟುವ ಆ ಕಸುಬಿನ ಬಗ್ಗೆ ನನಗೆ ಗೌರವವಿದೆ. ಆದರೆ ಇಲ್ಲಿ ಒಂದು ಅಪಾಯ ಇದೆ, ಅದನ್ನು ಒತ್ತಿ ಹೇಳಲೇಬೇಕು. ಪಕ್ಕದ ಏರ್‌ಬ್ಯಾಗುಗಳಿರುವ ಕಾರುಗಳಲ್ಲಿ ಅವು ಸಾಮಾನ್ಯವಾಗಿ ಮುಂದಿನ ಸೀಟಿನ ಬೆನ್ನಿನ ಹೊರ ಅಂಚಿನಲ್ಲಿ, ಹೊದಿಕೆಯ ಒಳಗೆ ಮಡಚಿ ಕೂತಿರುತ್ತವೆ. ಪಕ್ಕದಿಂದ ಡಿಕ್ಕಿಯಾದರೆ ಕಣ್ಣು ಮಿಟುಕಿಸುವುದರೊಳಗೆ ಹೊಲಿಗೆ ಹರಿದು ಉಬ್ಬಬೇಕು. ಕಂಪನಿ ಆ ಜಾಗದ ಹೊಲಿಗೆಯನ್ನು ಹರಿಯಲೆಂದೇ ಬೇರೆ ದಾರದಲ್ಲಿ ಹಾಕಿರುತ್ತದೆ. ಅದರ ಮೇಲೆ ದಪ್ಪ ಲೆದರೆಟ್ ಕವರು ಬಿಗಿದರೆ ಏರ್‌ಬ್ಯಾಗು ತಡವಾಗಿ ತೆರೆಯಬಹುದು, ಬೇರೆ ದಿಕ್ಕಿಗೆ ತಿರುಗಬಹುದು, ತೆರೆಯದೆಯೂ ಇರಬಹುದು. ಸೀಟಿನ ಅಂಚಿನಲ್ಲಿ ‘ಏರ್‌ಬ್ಯಾಗ್’ ಎಂಬ ಚೀಟಿ ಕಂಡರೆ ಆ ಭಾಗವನ್ನು ಮುಚ್ಚಬೇಡಿ. ಆ ಜಾಗ ಬಿಟ್ಟು ಹೊಲಿದ ಕವರು ಸಿಗುತ್ತದೆ, ಕೇಳಿ ಪಡೆಯಿರಿ. ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿಗಳನ್ನೂ ಕವರು ನುಂಗಬಾರದು.

ಬೆಂಕಿಯ ವಿಷಯವೂ ಉಂಟು. ಕಾರಿನ ಒಳಗಿನ ವಸ್ತುಗಳು ಬೇಗ ಉರಿಯಬಾರದೆಂದು ಅಮೆರಿಕದ ನಿಯಮ ನಿಮಿಷಕ್ಕೆ 102 ಮಿಲಿಮೀಟರಿನ ಮಿತಿ ಹಾಕಿದೆ. ನಮ್ಮಲ್ಲಿ ಐಎಸ್ 15061 ಎಂಬ ಮಾನದಂಡ ಇದೆ. ಕಂಪನಿಯ ಸೀಟು ಈ ಪರೀಕ್ಷೆ ದಾಟಿ ಬಂದಿರುತ್ತದೆ. ಹೊರಗಿನ ಕವರಿನ ಹಾಳೆ ದಾಟಿದೆಯೇ ಎಂದು ಅಂಗಡಿಯಲ್ಲಿ ಕೇಳುವ ಗಿರಾಕಿಗಳು ಹೆಚ್ಚಾದರೆ ಒಳ್ಳೆಯದು.

ಚರ್ಮ ಎಲ್ಲಿಂದ ಬರುತ್ತದೆ, ಯಾರ ಕೈಯಿಂದ ಬರುತ್ತದೆ ಎಂಬುದನ್ನು ಬಿಟ್ಟು ಈ ಆಯ್ಕೆಯ ಮಾತು ಮುಗಿಯುವುದಿಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರ ಜಿಲ್ಲೆ ಹಾಯ್ದು ತಮಿಳುನಾಡಿಗೆ ಇಳಿಯುವ ಪಾಲಾರ್ ನದಿಯ ದಡದಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಚರ್ಮ ಹದ ಮಾಡುವ ಕಾರ್ಖಾನೆಗಳಿವೆ. ಅಲ್ಲಿಯ ಚರ್ಮ ಹೆಚ್ಚಾಗಿ ಬೂಟು, ಚಪ್ಪಲಿಗೆ ಹೋಗುವುದಾದರೂ ಹದದ ವಿಧಾನ ಅದೇ. ತೊಗಲು ಕೊಳೆಯದಂತೆ ಹಾಕುವ ಉಪ್ಪು, ಹದಕ್ಕೆ ಹಾಕುವ ಕ್ರೋಮಿಯಂ ಲವಣ ನದಿಗೆ, ಬಾವಿಗೆ ಸೇರಿದವು. 1996ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಲ್ಲಿ, ಆ ಪಟ್ಟಿಯಲ್ಲಿ ಸುಮಾರು 35,000 ಹೆಕ್ಟೇರ್ ಹೊಲ ಪೂರ್ತಿಯಾಗಿಯೋ ಭಾಗಶಃವೋ ಬೇಸಾಯಕ್ಕೆ ಬಾರದಂತಾಗಿದೆ ಎಂಬ ಸಮೀಕ್ಷೆಯ ಉಲ್ಲೇಖವಿದೆ. ಕೊಳಕು ಮಾಡಿದವರೇ ದಂಡ ತೆರಬೇಕು ಎಂಬ ತತ್ತ್ವವನ್ನು ದೇಶದ ಕಾನೂನಿನಲ್ಲಿ ನೆಲೆಗೊಳಿಸಿದ ತೀರ್ಪುಗಳಲ್ಲಿ ಅದು ಮುಖ್ಯವಾದುದು.

ಕ್ರೋಮಿಯಂ ಇಲ್ಲದೆ ಹದ ಮಾಡಲಾಗದೇ? ಬೆಳಗಾವಿ, ಬಾಗಲಕೋಟೆ ಕಡೆಯ ಕುಶಲಕರ್ಮಿಗಳು ಕೊಲ್ಹಾಪುರಿ ಚಪ್ಪಲಿಗೆ ಬಳಸುವ ಚರ್ಮ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡದ್ದು. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಭೌಗೋಳಿಕ ಮಾನ್ಯತೆಯಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿವೆ. ಆದರೆ ತೊಗಟೆಯ ಹದದ ಚರ್ಮ ಕಾವಿಗೆ ಬೇಗ ಮುದುಡುತ್ತದೆ. 69 ಡಿಗ್ರಿ ಮುಟ್ಟುವ ಡ್ಯಾಶ್‌ಬೋರ್ಡಿನ ಪಕ್ಕ ಅದಕ್ಕೆ ನೆಮ್ಮದಿಯಿಲ್ಲ. ಕಾರಿನ ಚರ್ಮಕ್ಕೆ ಕ್ರೋಮಿಯಂ ಬೇಕಾದದ್ದು ಹೀಗೆ. ಕ್ರೋಮಿಯಂ ಬಿಟ್ಟು ಬೇರೆ ರಾಸಾಯನಿಕದಲ್ಲಿ ಹದ ಮಾಡಿದ ಚರ್ಮವೂ ಈಗ ಕಾರುಗಳಿಗೆ ಬಳಕೆಯಾಗುತ್ತಿದೆ.

ಕೈಗಳ ಮಾತು ಇನ್ನೂ ನೋವಿನದು. ಬಸವಣ್ಣನವರಿಗೆ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಒಪ್ಪಿಸಿದರೆಂದು ಹರಳಯ್ಯ, ಕಲ್ಯಾಣಮ್ಮ ದಂಪತಿಯನ್ನು ನಾಡು ಎಂಟುನೂರು ವರ್ಷಗಳಿಂದ ನೆನೆಯುತ್ತಿದೆ. ಅದೇ ನಾಡು ಚರ್ಮ ಮುಟ್ಟುವವರನ್ನು ಊರಾಚೆ ಇಟ್ಟಿತು. ಈಗ ಚರ್ಮದ ಸೀಟು ಅಂತಸ್ತಿನ ಗುರುತು. ಚರ್ಮದ ಕಸುಬಿನವರ ಪಾಲಿಗೆ ಆ ಅಂತಸ್ತಿನ ಚೂರೂ ಬಂದಿಲ್ಲ. ಅಹಿಂಸೆಯ ಕಾರಣಕ್ಕೆ ಚರ್ಮ ಒಲ್ಲೆ ಎನ್ನುವವರ ನಿಲುವನ್ನು ನಾನು ಪೂರ್ತಿ ಗೌರವಿಸುತ್ತೇನೆ. ಕಸುಬು ಹೊಲಸು ಎಂಬ ಭಾವನೆ ಅದರೊಳಗೆ ನುಸುಳದಿದ್ದರೆ ಸಾಕು.

ಚರ್ಮ ಬಿಟ್ಟ ಕೂಡಲೇ ಪರಿಸರ ಉಳಿಯಿತೆಂದೂ ಅಲ್ಲ. ಪಿವಿಸಿ, ಪಾಲಿಯುರಿಥೇನ್, ಪಾಲಿಯೆಸ್ಟರ್ ಮೂರೂ ಕಚ್ಚಾ ತೈಲದ ಕೂಸುಗಳು. ಪಿವಿಸಿ ಸುಟ್ಟರೆ ವಿಷದ ಹೊಗೆ, ಹೂತರೆ ಕರಗದು. ಪಾಲಿಯೆಸ್ಟರಿಗೆ ಒಂದು ಹೆಚ್ಚುಗಾರಿಕೆ ಇದೆ: ಬಳಸಿದ ನೀರಿನ ಬಾಟಲಿಗಳಿಂದಲೂ ಅದರ ನೂಲು ತೆಗೆಯಬಹುದು. ತನ್ನ ಪೂರ್ಣ ವಿದ್ಯುತ್ ಕಾರುಗಳಲ್ಲಿ ಚರ್ಮ ಬಳಸುವುದಿಲ್ಲವೆಂದು 2021ರಲ್ಲಿ ವೋಲ್ವೊ ಘೋಷಿಸಿತು. ಅದರ ಹೊಸ ಹೊದಿಕೆಯಲ್ಲಿ ಇಂಥ ಬಾಟಲಿಗಳ ಅಂಶವೂ ಇದೆ. ಟಾಟಾದ ಒಡೆತನದ ಲ್ಯಾಂಡ್ ರೋವರ್ 2017ರ ವೆಲಾರ್ ಕಾರಿನಲ್ಲಿ ಚರ್ಮಕ್ಕೆ ಬದಲಾಗಿ ಡೆನ್ಮಾರ್ಕಿನ ಕ್ವಾಡ್ರಾಟ್ ಸಂಸ್ಥೆಯ ಉಣ್ಣೆ ಮಿಶ್ರಿತ ಬಟ್ಟೆಯನ್ನು ಆಯ್ಕೆಯಾಗಿ ಕೊಟ್ಟಿತು. ಅಂದರೆ ಕೋಟಿ ಬೆಲೆಯ ಲೋಕದಲ್ಲಿ ಬಟ್ಟೆಗೆ ಮತ್ತೆ ಮಾನ ಬರುತ್ತಿದೆ.

ಹದಿನೈದು, ಇಪ್ಪತ್ತು ಲಕ್ಷದ ಲೋಕದಲ್ಲಿ ಇನ್ನೂ ಬಂದಿಲ್ಲ. ಇಲ್ಲಿ ನನ್ನ ದೂರು ಗಟ್ಟಿಯಾಗಿಯೇ ಇದೆ. ಒಳ್ಳೆಯ ಹೆಡ್‌ಲೈಟು, ಹೆಚ್ಚಿನ ಸುರಕ್ಷಾ ಸೌಲಭ್ಯ, ಬಲವಾದ ಎಂಜಿನ್ನು ಬೇಕೆಂದರೆ ಮೇಲಿನ ವೇರಿಯಂಟಿಗೆ ಹೋಗಬೇಕು; ಹೋದರೆ ಲೆದರೆಟ್ ಬೇಡವೆಂದರೂ ಬರುತ್ತದೆ. ಕೆಳಗಿನ ವೇರಿಯಂಟಿನ ಬಟ್ಟೆಯೋ, ಬೇಕೆಂದೇ ತೆಳ್ಳಗೆ, ಬಣ್ಣಗೆಟ್ಟಂತೆ ಇರುತ್ತದೆ. ಬಟ್ಟೆಯ ಮೇಲಿನ ತಾತ್ಸಾರಕ್ಕೆ ಬಟ್ಟೆ ಕಾರಣವಲ್ಲ, ಈ ತೆಳ್ಳಗಿನ ಬಟ್ಟೆ ಕಾರಣ. ಒತ್ತಾದ ನೇಯ್ಗೆಯ, ತಿಳಿಬಣ್ಣದ, ಕಲೆ ತಡೆಯುವ ಬಟ್ಟೆಯನ್ನು ಟಾಪ್ ವೇರಿಯಂಟಿನಲ್ಲೂ ಆಯ್ಕೆಯಾಗಿ ಕೊಡುವುದು ಯಾವ ಕಂಪನಿಗೂ ಅಸಾಧ್ಯವಲ್ಲ. ಬಿಡದಿಯಲ್ಲೇ ಕಾರು ತಯಾರಿಸುವ ಟೊಯೋಟಾ ಜಪಾನಿನಲ್ಲಿ ತನ್ನ ಅತಿ ಗೌರವದ ಕಾರಿಗೆ ಉಣ್ಣೆ ಬಟ್ಟೆ ಹೊದಿಸುತ್ತದೆ. ಇಲ್ಲಿನ ದುಬಾರಿ ವೇರಿಯಂಟಿಗೂ ಒಂದು ಒಳ್ಳೆಯ ಬಟ್ಟೆ ಕೊಡಲಿ ಎಂದು ಕೇಳಲು ಗಿರಾಕಿಗೆ ಹಕ್ಕಿದೆ.

ಅದು ಬರುವವರೆಗೆ ಲೆದರೆಟ್ ಸೀಟು ಈಗಾಗಲೇ ಮನೆಗೆ ಬಂದಿರುವವರು ಮಾಡಬಹುದಾದದ್ದು ಸುಲಭ. ಕೂರುವ ಭಾಗಕ್ಕೂ ಒರಗುವ ಭಾಗಕ್ಕೂ ಬೇರೆಬೇರೆಯಾಗಿ, ಹೊರ ಅಂಚು ತೆರೆದಿರುವಂತೆ, ದಪ್ಪ ಹತ್ತಿಯ ಅಥವಾ ಕೈಮಗ್ಗದ ಬಟ್ಟೆಯ ಕವರು ಹೊಲಿಸಿ. ಜಾರದಂತೆ ಹಿಂಬದಿಗೆ ಎಲಾಸ್ಟಿಕ್ ಪಟ್ಟಿ ಹಾಕಿಸಿ. ತಿಂಗಳಿಗೊಮ್ಮೆ ಬಿಚ್ಚಿ ಒಗೆದು ಹಾಕಬಹುದು. ಬೇಸಿಗೆಯಲ್ಲಿ ಇರಲಿ, ಮಳೆಗಾಲ ಶುರುವಾದ ವಾರ ತೆಗೆದಿಡಿ.